ಹುರುಳಿ ಒಂದು, ಅವರೆ ಒಂದು

ತುಕುಮಾನ್, ಅರ್ಜೆಂಟೀನಾ
12 ನವೆಂಬರ್ 1939

ಆಪಾ,

ಸಲಾಂ. ನಾನು ಬದುಕಿದ್ದೇನೆ. ಇದನ್ನು ಮೊದಲೇ ಬರೆಯದಿದ್ದರೆ ನೀನು ಮುಂದಿನದನ್ನು ಓದದೆ ಎದೆ ಬಡಿದುಕೊಂಡು ಕೂರುತ್ತೀಯ ಎಂದು ಗೊತ್ತು. ಒಂದೂವರೆ ವರ್ಷ ಒಂದು ಸಾಲು ಬರೆಯಲಿಲ್ಲ. ಬೈ. ಎಷ್ಟು ಬೇಕಾದರೂ ಬೈ, ಇಲ್ಲಿಯವರೆಗೆ ಕೇಳಿಸುವುದಿಲ್ಲ.

ಆ ದಿನ ಮಳವಳ್ಳಿಯಿಂದ ಮದುಮಗನ ಶೇರವಾನಿಯಲ್ಲೇ ಮದ್ದೂರಿನವರೆಗೆ ನಡೆದು ರೈಲು ಹತ್ತಿದೆ. ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ ಎಂದಿದ್ದಕ್ಕೆ ಬೊಂಬಾಯಿಯಲ್ಲಿ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಸಿಕ್ಕಿತು. ಆ ಸದ್ದಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಎಲ್ಲ ಕೈಸನ್ನೆ. ನನ್ನಂಥ ಉಗ್ಗನಿಗೆ ಅದೇ ಜನ್ನತ್ತು. ಈ ದೇಶದ ಬಂದರಿಗೆ ಬಂದಾಗ ಜ್ವರ ಹಿಡಿದು ಆಸ್ಪತ್ರೆ ಸೇರಿದೆ. ಎದ್ದು ಕೂರುವಷ್ಟರಲ್ಲಿ ಹಡಗು ಹೊರಟುಹೋಗಿತ್ತು, ಯುದ್ಧ ಶುರುವಾಗಿತ್ತು. ಉತ್ತರದಲ್ಲಿ ಕಬ್ಬು ಬೆಳೆಯುತ್ತಾರೆ, ಸಕ್ಕರೆ ಗಿರಣಿಗಳಿವೆ ಎಂದರು. ರೈಲಿಳಿದಾಗ ಬೆಲ್ಲದ ವಾಸನೆ ಬಂತು ನೋಡು, ಪ್ಲಾಟ್‌ಫಾರಮ್ಮಿನ ಮೇಲೆ ಕೂತು ಅತ್ತುಬಿಟ್ಟೆ.

ಇಲ್ಲಿಯವರ ಮಾತು ಸ್ಪ್ಯಾನಿಷ್. ಮುದುಕಿಯೊಬ್ಬರ ಮನೆಯಲ್ಲಿ ಬಾಡಿಗೆಗಿದ್ದೇನೆ. ಹೆಸರು ದೋನ್ಯಾ ಕಾಸಿಲ್ದಾ. ದೋನ್ಯಾ ಅಂದರೆ ನಮ್ಮಲ್ಲಿ ಅಮ್ಮನವರು ಅಂದ ಹಾಗೆ. ಮೂವತ್ತು ವರ್ಷ ಸಣ್ಣ ಮಕ್ಕಳಿಗೆ ಅಕ್ಷರ ಕಲಿಸಿದವರು. ಮೊದಲ ದಿನ ನೀರು ಕೇಳಲು ಹೋಗಿ ಬಾಯಿ ತೆರೆದುಕೊಂಡು ನಿಂತೇ ಇದ್ದೆ. ನೀರಿಗೆ ಇಲ್ಲಿ 'ಆಗ್ವ' ಅನ್ನುತ್ತಾರೆ, ಅಷ್ಟೂ ಬರಲಿಲ್ಲ. ಅವರಿಗೆ ನನಗೇನು ಬೇಕೆಂದು ಗೊತ್ತಾಗಿತ್ತು. ಆದರೂ ಲೋಟ ತರಲಿಲ್ಲ ಆಪಾ. ನನ್ನ ಬಾಯಿ ನೋಡುತ್ತ ಕಾದರು. ಹಾಗೆ ನನಗಾಗಿ ಯಾರೂ ಕಾದ ನೆನಪಿಲ್ಲ.

ಆಮೇಲೆ ಮೇಜಿನ ಮೇಲೆ ಬೆರಳಿನಿಂದ ಕುಟ್ಟಿದರು. 'ಆ', 'ಗ್ವ'. ಮೊದಲನೆಯದು ಗಟ್ಟಿಯಾಗಿ, ಎರಡನೆಯದು ಮೆಲ್ಲಗೆ. ನಾನೂ ಕುಟ್ಟಿದೆ. ನೀರು ಸಿಕ್ಕಿತು.

ಭಾವನಿಗೆ ಸಲಾಂ. ಬೇರೆ ಯಾರ ಸುದ್ದಿಯನ್ನೂ ನಾನು ಕೇಳುತ್ತಿಲ್ಲ.

ನಿನ್ನ ಓಡಿಹೋದ ತಮ್ಮ,
ಮಕ್ಸೂದ್


ಮದ್ದೂರು
3 ಏಪ್ರಿಲ್ 1940

ಲೋ ಮಕ್ಸೂದ್,

ನಿನ್ನ ಕಾಗದ ಮೊನ್ನೆ ಬಂತು. ಯುದ್ಧಕಾಲವೆಂದು ಯಾರೋ ಕತ್ತರಿಸಿ ಓದಿ ಮತ್ತೆ ಅಂಟಿಸಿದ್ದಾರೆ. ನಾನು ಅಳಲಿಲ್ಲ. ನಿನ್ನ ಭಾವ ಅತ್ತರು. ಸೈಕಲ್ ಶಾಪಿನ ಬಾಗಿಲು ಹಾಕಿಕೊಂಡು, ತೂತೇ ಇಲ್ಲದ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಮುಳುಗಿಸಿ ಅತ್ತರು. ನಾನು ಮಾತ್ರ ಬೈದೆ. ಹಾಳಾದವನೇ, ಹೇಳದೆ ಕೇಳದೆ ಸಮುದ್ರ ದಾಟುತ್ತಾರೇನೋ! ಹೊಳೆಗೆ ಬಿದ್ದಿದ್ದಾನೆಂದು ಶಿಂಷಾ ದಂಡೆಯುದ್ದಕ್ಕೂ ಹುಡುಕಿಸಿದೆ ನಿನ್ನನ್ನು.

ಕೊಪ್ಪದಿಂದ ಮೊಸರು ತರುವ ಮಲ್ಲಿಗಮ್ಮ ಇದ್ದಾಳಲ್ಲ, ಅವಳಿಗೆ ಓದಿ ಹೇಳಿದೆ. "ಬದುಕವ್ನಾ? ಅಷ್ಟು ಸಾಕು ಬುಡು. ಬದುಕಿರೋನು ಇವತ್ತಲ್ಲ ನಾಳೆ ಬತ್ತಾನೆ ಕಣಮ್ಮ," ಎಂದಳು. ಅವತ್ತಿನ ಮೊಸರಿಗೆ ಕಾಸು ಬೇಡ ಎಂದು ಹೊರಟೇಹೋದಳು.

ಯಾರೂ ಕಾಯಲಿಲ್ಲ ಎಂದು ಬರೆದಿದ್ದೀಯ. ಚುಚ್ಚಿತು ಕಣೋ. ಅಮ್ಮ ಅಬ್ಬಾ ಪ್ಲೇಗಿನಲ್ಲಿ ಹೋದಾಗ ನಿನಗೆ ನಾಲ್ಕು, ನನಗೆ ಹದಿನಾಲ್ಕು. ಮದುವೆಯಾಗಿ ಈ ಮನೆಗೆ ಬಂದಾಗ ಸೊಂಟದ ಮೇಲೆ ನಿನ್ನನ್ನು ಎತ್ತಿಕೊಂಡೇ ಬಂದೆ. ನೀನು "ನೀ... ನೀ..." ಅನ್ನುವಷ್ಟರಲ್ಲಿ ಓಡಿ ನೀರು ತರುತ್ತಿದ್ದೆ. ಇಸ್ಕೂಲಿನಲ್ಲಿ ಮೇಷ್ಟ್ರು ಹೆಸರು ಕೇಳಿದರೆ ಕಿಟಕಿಯಿಂದ ನಾನೇ ಕೂಗಿ ಹೇಳುತ್ತಿದ್ದೆ. ನೀನು ಕಷ್ಟಪಡುವುದನ್ನು ನೋಡಲಾಗುತ್ತಿರಲಿಲ್ಲ. ಅದು ತಪ್ಪಾ? ಹೌದೋ ಅಲ್ಲವೋ ನನಗೆ ತಿಳಿಯದು.

ಆ ಮುದುಕಮ್ಮನಿಗೆ ಸಲಾಂ ಹೇಳು. ನಿನಗೆ ಹೊಟ್ಟೆ ತುಂಬ ಹಾಕುತ್ತಾರೇನು?

ಬೈದರೂ ನಿನ್ನವಳೇ,
ಶರೀಫುನ್ನೀಸಾ


ತುಕುಮಾನ್
18 ಆಗಸ್ಟ್ 1940

ಆಪಾ,

ಹೊಟ್ಟೆ ತುಂಬ ಹಾಕುತ್ತಾರೆ. ಈಗ ಕಬ್ಬು ಅರೆಯುವ ಕಾಲ, ಮೈಯೆಲ್ಲ ಜಿಗಟು. ಆದರೂ ಸಂಜೆ ಊಟದ ಮುಂಚೆ ಒಂದು ಗಂಟೆ ಪಾಠ ತಪ್ಪಿಸುವ ಹಾಗಿಲ್ಲ. ಮನೆಯಲ್ಲಿ ನಾವು ಆಡಿದ್ದು ಉರ್ದು, ಬರೆಯಲು ಕಲಿತದ್ದು ಕನ್ನಡ, ಈಗ ಮೂರನೆಯದು. ನಾನು ನಿನಗೆ ಬರೆಯುವುದನ್ನು ನೋಡಿ ದೋನ್ಯಾ, "ಇದೇನು, ಹೆಣಿಗೆಯ ನಮೂನೆಯಾ?" ಎಂದು ಕೇಳಿದರು.

ಪಾಠ ಹೀಗೆ. ಪದವನ್ನು ತುಂಡು ಮಾಡಬೇಕು. ಒಂದೊಂದು ತುಂಡಿಗೆ ಒಂದು ಮುಸುಕಿನ ಜೋಳದ ಕಾಳು ಇಡಬೇಕು. ಎಲ್ಲ ತುಂಡಿಗೂ ಒಂದೇ ತೂಕವಲ್ಲ, ಒಂದರ ಮೇಲೆ ಮಾತ್ರ ಒತ್ತು ಬೀಳುತ್ತದೆ. ಅಲ್ಲಿ ಜೋಳ ತೆಗೆದು ಅವರೆಕಾಳಿನಂಥ ದಪ್ಪ ಬೀಜ ಇಡಬೇಕು. ಪದದ ಕೊನೆಗೆ ಸ್ವರ ಬಂದರೆ ಒತ್ತು ಕೊನೆಯ ಹಿಂದಿನ ತುಂಡಿಗೆ. ಅವರ ಹೆಸರೇ ನೋಡು, ಕಾ-ಸಿಲ್-ದಾ, 'ಸಿಲ್' ಮೇಲೆ ದಪ್ಪ ಬೀಜ. ಕೊನೆಗೆ 'ನ್', 'ಸ್' ಬಂದರೂ ಹಾಗೆಯೇ. ಬೇರೆ ವ್ಯಂಜನ ಬಂದರೆ ಒತ್ತು ಕೊನೆಯ ತುಂಡಿಗೆ. ನಿಯಮ ಮೀರಿದ ಪದವಾದರೆ ಒತ್ತಿನ ತುಂಡಿನ ತಲೆಯ ಮೇಲೊಂದು ಗೀಟು ಎಳೆಯುತ್ತಾರೆ. ಈ ಊರಿಗೇ ಗೀಟಿದೆ, ತು-ಕು-ಮಾನ್. ಸಕ್ಕರೆಗೂ ಇದೆ, ಅ-ಸೂ-ಕರ್.

ನಮ್ಮ ಊರುಗಳನ್ನೂ ಮೇಜಿಗೆ ತಂದೆ. ಮಂಡ್ಯಕ್ಕೆ ಮೊದಲ ತುಂಡೇ ಭಾರ. ಮದ್ದೂರನ್ನು ಅವರು 'ಮದ್ದೂರ್' ಅನ್ನುತ್ತಾರೆ, ಭಾರ ಕೊನೆಗೆ. ನಿನ್ನ ಹೆಸರಿಗೆ ಐದು ಕಾಳು ಬೇಕಾಯಿತು, 'ನ್ನೀ' ಮೇಲೆ ದಪ್ಪ ಬೀಜ. ಇಷ್ಟು ಉದ್ದದ ಅಕ್ಕ ಯಾಕೆ ಎಂದು ನಕ್ಕರು. ಅಕ್ಕನಿಗೆ ಇಲ್ಲಿ 'ಎರ್ಮಾನ'. ಬರೆಯುವಾಗ ಮುಂದೆ ಹಕಾರ ಉಂಟು, ಹೇಳುವಾಗ ಇಲ್ಲ. ನಮ್ಮ ಮಲ್ಲಿಗಮ್ಮ "ಅಳ್ಳಿಗೆ ಓಯ್ತೀನಿ" ಅನ್ನುವುದಿಲ್ಲವೇ, ಅವಳು ಇಲ್ಲಿಗೆ ಬಂದರೆ ವಾರದಲ್ಲಿ ಪಂಡಿತಳಾಗುತ್ತಾಳೆ.

ದೋನ್ಯಾ ನನ್ನ ರೋಗ ಹಿಡಿದದ್ದು ಹೀಗೆ: "ಮಗಾ, ನೀನು ಎಲ್ಲ ಬಲವನ್ನೂ ಮೊದಲ ತುಂಡಿಗೇ ಸುರಿಯುತ್ತೀಯ. ಅದು ಬರೀ ಜೋಳದ ಕಾಳು. ಇಟ್ಟು ಮುಂದೆ ಹೋಗು." ಒಮ್ಮೊಮ್ಮೆ ಹೋಗುತ್ತೇನೆ. ಒಮ್ಮೊಮ್ಮೆ ಇಲ್ಲ. ಆದರೆ ಒಂದು ಪದವನ್ನು ಮಾತ್ರ ಇನ್ನೂ ಮೇಜಿನ ಮೇಲೆ ಇಟ್ಟಿಲ್ಲ. ಯಾವುದೆಂದು ನಿನಗೆ ಗೊತ್ತು. ಖಾಜಿ ಸಾಹೇಬರು ಮೂರು ಸಲ ಕೇಳಿದರು, ಸುಲ್ತಾನ್ ಬೀಯನ್ನು ನಿಕಾಹ್‌ನಲ್ಲಿ ಒಪ್ಪಿದೆಯಾ ಎಂದು. 'ಖಬೂಲ್' ಅನ್ನುವ ಒಂದೇ ಮಾತು ಗಂಟಲಲ್ಲಿ ನಿಂತುಬಿಟ್ಟಿತು. ಹೊರಗೆ ಯಾರೋ ನಕ್ಕರು. ಹುಡುಗಿಯ ಅಪ್ಪ ಜಹಾಂಗೀರ್ ಸಾಬರು ಎದ್ದು, "ಹುಡುಗನಿಗೆ ನನ್ನ ಮಗಳು ಬೇಡವಂತೆ," ಎಂದರು. ಅಲ್ಲ ಅನ್ನುವುದಕ್ಕೂ ನನಗೆ ಬಾಯಿ ಬರಲಿಲ್ಲ, ಓಡಿದೆ.

ಆಪಾ, ಒಂದೇ ಪ್ರಶ್ನೆ. ಅದು ಬೇಡವೆಂದಲ್ಲ, ಬಾಯಿ ಬರದೆ ಎಂದು ನೀನು ಆಮೇಲೆ ಅವರಿಗೆ ಹೇಳಿದೆ ತಾನೆ?

ಕಾಳು ಎಣಿಸುತ್ತಿರುವ,
ಮಕ್ಸೂದ್


ಮದ್ದೂರು
9 ಜನವರಿ 1941

ಮಕ್ಸೂದ್,

ನಾವೆಲ್ಲ ಸೌಖ್ಯ. ಸೀಮೆಎಣ್ಣೆ ತುಟ್ಟಿ. ಭಾವನಿಗೆ ಸೊಂಟ ಹಿಡಿದಿತ್ತು, ಈಗ ವಾಸಿ. ಹೊಲಿಗೆ ಮಿಷನ್ನಿಗೆ ಸೂಜಿ ಸಿಗುತ್ತಿಲ್ಲ, ಇರುವ ಎರಡನ್ನೇ ತೊಟ್ಟಿಲ ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದೇನೆ. ಮಲ್ಲಿಗಮ್ಮನಿಗೆ ನೀನು ಬರೆದದ್ದು ಹೇಳಿದೆ. "ನಾನ್ಯಾಕೆ ಅಲ್ಲಿಗೋಗ್ಲಿ, ಅವನೇ ಬರ್ಲಿ ಇಲ್ಲಿಗೆ," ಎಂದಳು.

ಇಲ್ಲಿ ಜೋಳದ ಬದಲು ಹುರುಳಿ, ದಪ್ಪ ಬೀಜದ ಬದಲು ಅವರೆಕಾಳು ಇಟ್ಟು ನೋಡಿದೆ. ನಿನ್ನ ಹೆಸರು: ಹುರುಳಿ ಒಂದು, ಅವರೆ ಒಂದು. ಸರಿಯಾ?

ನೀನೊಂದು ಕೇಳಿದ್ದೀಯ. ಗ್ರಾಹಕರು ಬಂದರು, ಇಲ್ಲಿಗೆ ನಿಲ್ಲಿಸುತ್ತೇನೆ.

ಶರೀಫುನ್ನೀಸಾ


ಮದ್ದೂರು
22 ಜೂನ್ 1941

ನನ್ನ ಕಂದ ಮಕ್ಸೂದ್,

ಅವತ್ತು ಗ್ರಾಹಕರು ಯಾರೂ ಬಂದಿರಲಿಲ್ಲ.

ಹೇಳಲಿಲ್ಲ ಕಣೋ. ಸಂಬಂಧ ನೋಡಲು ಬಂದಾಗಲೇ ಮುಚ್ಚಿಟ್ಟೆ. ಜಹಾಂಗೀರ್ ಸಾಬರು ನಿನ್ನನ್ನು ಏನು ಕೇಳಿದರೂ ನಾನೇ ಉತ್ತರ ಕೊಟ್ಟೆ, "ಹುಡುಗನಿಗೆ ಮಾತು ಕಮ್ಮಿ, ನಾಚಿಕೆ," ಎಂದೆ. ಖಾಜಿಯ ಮುಂದೆ ನಿನ್ನ ಬದಲು ನಾನು ಬಾಯಿ ತೆರೆಯಲಾಗುವುದಿಲ್ಲ ಎನ್ನುವುದು ಹೊಳೆಯಲೇ ಇಲ್ಲ. ನೀನು ಓಡಿದ ಮೇಲೂ ನಿಜ ಹೇಳಬಹುದಾಗಿತ್ತು. ಉಗ್ಗನ ಅಕ್ಕ, ಮೋಸ ಮಾಡಿದವಳು ಅನ್ನಿಸಿಕೊಳ್ಳುವುದಕ್ಕಿಂತ ಕೊಬ್ಬಿದವನ ಅಕ್ಕ ಅನ್ನಿಸಿಕೊಳ್ಳುವುದೇ ವಾಸಿ ಅನ್ನಿಸಿತು. ಸುಮ್ಮನೆ ಗಾಡಿ ಹತ್ತಿ ಬಂದೆ. ಆ ಹುಡುಗಿಯ ತಲೆ ಮೇಲೆ ಮಣ್ಣು ಹಾಕಿ ಬಂದೆ.

ನಿನ್ನ ಪ್ರಶ್ನೆ ಇರುವ ಕಾಗದವನ್ನು ಎಷ್ಟು ಸಲ ತೆಗೆದು ಓದಿದೆನೋ. ಹೋದ ಶನಿವಾರ ಅದನ್ನೂ ಹಿಡಿದುಕೊಂಡು ಬಸ್ಸು ಹತ್ತಿ ಮಳವಳ್ಳಿಗೆ ಹೋದೆ. ಜಹಾಂಗೀರ್ ಸಾಬರು ಬೀದಿ ಬಾಗಿಲಲ್ಲಿ ಕೂತು ಲಾಂದ್ರದ ತಗಡು ಬಡಿಯುತ್ತಿದ್ದರು. ನನ್ನನ್ನು ನೋಡಿ ಸುತ್ತಿಗೆ ನಿಲ್ಲಿಸಲಿಲ್ಲ, ಇನ್ನೂ ಜೋರಾಗಿ ಬಡಿದರು. ಒಳಗೆ ಸುಲ್ತಾನ್ ಬೀ ಏಳೆಂಟು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಕುರಾನ್ ಓದಲು ಕಲಿಸುತ್ತಿದ್ದಳು, "ಅಲಿಫ್ ಜಬರ್ ಅ, ಬೇ ಜಬರ್ ಬ." ಅವಳಿಗೆ ಮದುವೆಯಾಗಿಲ್ಲ. ನಿಕಾಹ್ ನಿಂತ ಹುಡುಗಿಯಲ್ಲವೇ, ಬಂದವರೆಲ್ಲ ಇವಳಲ್ಲೇ ಏನೋ ಐಬು ಇರಬೇಕೆಂದು ಹೋದರಂತೆ.

ಮಕ್ಕಳನ್ನು ಹೊರಗೆ ಕಳಿಸಿ ಎಲ್ಲ ಹೇಳಿದೆ. ಅವಳು ಮಕ್ಕಳ ಕಿತಾಬುಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಳು. ಆಮೇಲೆ ಹೇಳಿದಳು: "ಮೂರು ವರ್ಷ ಆಪಾ. ಪರದೆ ಸಂದಿಯಿಂದ ನನ್ನ ಮುಖ ಕಂಡು ಬೇಡ ಅಂದರೇನೋ ಅಂತ ಮೂರು ವರ್ಷ ನಾನು ಕನ್ನಡಿ ನೋಡಿಲ್ಲ. ಒಂದು ಮಾತು ಹೇಳೋಕೆ ನಿಮಗೇನಾಗಿತ್ತು? ನಿಮಗೇನು ಉಗ್ಗು ಇರಲಿಲ್ಲವಲ್ಲ."

ಅಷ್ಟು ಬಾಯಿ ಮಾಡುವ ನಾನು ತಲೆ ತಗ್ಗಿಸಿ ಕೂತೆ. ಕೊನೆಗೆ ಅವಳೇ, "ಆ ಕಾಗದ ಓದಿ," ಎಂದಳು. ಓದಿದೆ. ತುಂಡು ಮಾಡುವ ಕಡೆ ಬಂದಾಗ, "ಇದು ನಾನು ಮಕ್ಕಳಿಗೆ ಅಕ್ಷರ ಬಿಡಿಸಿ ಬಿಡಿಸಿ ಓದಿಸುವ ಹಿಜ್ಜೆಯೇ. ಅಷ್ಟು ದೂರ ಹೋಗಿ ಕಲಿಯಬೇಕಾಗಿತ್ತಾ?" ಎಂದಳು. ನಗಲಿಲ್ಲ. ಆದರೆ ನಾನು ಹೊರಡುವಾಗ ಹುರುಳಿ, ಅವರೆ ಎಷ್ಟೆಷ್ಟು ಇಡಬೇಕೆಂದು ಮತ್ತೊಮ್ಮೆ ಕೇಳಿದಳು.

ಮಾಫ್ ಮಾಡು. ಆಗದಿದ್ದರೆ ಬೇಡ, ಕಾಗದ ಮಾತ್ರ ನಿಲ್ಲಿಸಬೇಡ.

ನಿನ್ನ ಆಪಾ


ತುಕುಮಾನ್
15 ಫೆಬ್ರವರಿ 1942

ಆಪಾ,

ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ. ಮೂರು ದಿನ ನಿನ್ನ ಕಾಗದವನ್ನು ಪೆಟ್ಟಿಗೆಯ ತಳದಲ್ಲಿ ಬೋರಲು ಹಾಕಿದ್ದೆ. ನಾಲ್ಕನೆಯ ದಿನ ನೀನು ಇಸ್ಕೂಲಿನ ಕಿಟಕಿಯ ಸರಳು ಹಿಡಿದು ಕೂಗುತ್ತಿದ್ದದ್ದು ನೆನಪಾಯಿತು. ನಿನ್ನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ, ಅಷ್ಟು ಸಣ್ಣವಳು ನೀನೂ. ಎತ್ತಿ ಮತ್ತೆ ಓದಿದೆ. ಮಾಫ್ ಎಲ್ಲ ದೊಡ್ಡ ಮಾತು ಬಿಡು. ನೀನು ಅವಳಿಗೆ ಹೇಳಿದೆಯಲ್ಲ, ಅದು ಸಾಕು.

ಒಂದು ಸಂಗತಿ ಹೇಳಬೇಕು. ಹೋದ ಕಬ್ಬಿನ ಕಾಲದಲ್ಲಿ ಬಾಯ್ಲರ್ ಮನೆಯಲ್ಲಿ ಉಗಿ ಕೊಳವೆಯ ಕೀಲು ಬಿರಿಯಿತು. ಕೆಳಗೆ ಒಬ್ಬ ಬೆನ್ನು ಹಾಕಿ ಕೆಲಸ ಮಾಡುತ್ತಿದ್ದ. ಜೋಪಾನ ಅನ್ನಲು ಇಲ್ಲಿ 'ಕ್ವಿದಾದೊ' ಅನ್ನಬೇಕು. ಮೂರು ತುಂಡು, ಭಾರ ನಡುವಿನ 'ದಾ' ಮೇಲೆ. ಕಾಳು ಇಡಲು ಹೊತ್ತೆಲ್ಲಿ? ಬಾಯಿ ತೆರೆದೆ, ಮೊದಲ ತುಂಡು ಸಿಕ್ಕಿಕೊಂಡಿತು, 'ಕ್ವಿ, ಕ್ವಿ, ಕ್ವಿ' ಎಂದೆ. ಆ ಮನುಷ್ಯ ನನ್ನ 'ಕ್ವಿ ಕ್ವಿ'ಗೇ ತಿರುಗಿ ನೋಡಿ ಪಕ್ಕಕ್ಕೆ ಹಾರಿದ! ಉಗಿ ಅವನು ನಿಂತಿದ್ದ ಜಾಗಕ್ಕೇ ಬಂತು. ಸಂಜೆ ದೋನ್ಯಾಗೆ ಹೇಳಿ ನಾಚಿಕೊಂಡೆ, ಇಷ್ಟು ದಿನದ ಪಾಠ ಮಣ್ಣುಪಾಲಾಯಿತು ಎಂದೆ. ಅವರು ಕೇಳಿದರು, "ಅವನು ಬದುಕಿದನೋ ಇಲ್ಲವೋ? ಅವನ ಹೆಂಡತಿ ನಿನ್ನನ್ನು ಉಗ್ಗ ಅಂದಳಾ?" ಅವನ ಹೆಂಡತಿ ಮಾರನೆಯ ದಿನ ಒಂದು ಕೋಳಿ ಕೊಟ್ಟುಹೋದಳು.

ಅವತ್ತು ರಾತ್ರಿ ಆ ಪದವನ್ನು ಮೇಜಿನ ಮೇಲೆ ಇಟ್ಟೆ. ಖ-ಬೂಲ್. ಹುರುಳಿ ಒಂದು, ಅವರೆ ಒಂದು, ನನ್ನ ಹೆಸರಿನ ಹಾಗೆಯೇ. ಇನ್ನೂರು ಸಲ ಹೇಳಿದೆ. ನೂರ ಎಂಬತ್ತು ಸಲ ಬಂತು.

ಸುಲ್ತಾನ್ ಬೀಗೆ ಏನು ಬರೆಯಲಿ? ಯಾವ ಮುಖ ಇಟ್ಟುಕೊಂಡು ಬರೆಯಲಿ? ಕಾಯಬೇಡ ಎಂದು ಹೇಳುವ ಧೈರ್ಯವಿಲ್ಲ, ಕಾಯಿ ಎನ್ನುವ ಹಕ್ಕಿಲ್ಲ. ಹಡಗುಗಳೆಲ್ಲ ಮುಳುಗುತ್ತಿವೆ. ನೀನೇ ಏನಾದರೂ ಹೇಳು ಎಂದು ಬರೆಯಹೊರಟಿದ್ದೆ, ಹೊಡೆದು ಹಾಕಿದೆ. ಇಷ್ಟನ್ನು ಮಾತ್ರ ನಾನು ಹೇಳಿದ ಹಾಗೆಯೇ ಹೇಳು: ಅವಳ ಮುಖ ನಾನು ನೋಡಿರಲಿಲ್ಲ. ಹೆಸರು ಕೇಳಿದ ದಿನವೇ ಒಪ್ಪಿದ್ದೆ.

ನಿನ್ನ ಮಕ್ಸೂದ್


ಮದ್ದೂರು
30 ನವೆಂಬರ್ 1942

ಮಕ್ಸೂದ್,

ನಿನ್ನ ಕಾಗದ ಒಂಬತ್ತು ತಿಂಗಳು ಸುತ್ತಾಡಿ ಬಂತು. ಅವತ್ತೇ ಮಳವಳ್ಳಿಗೆ ಹೊರಟೆ. ಪೆಟ್ರೋಲ್ ಸಿಗದೆ ಈಗ ಬಸ್ಸು ಇದ್ದಿಲಿನ ಹೊಗೆಯಲ್ಲಿ ಓಡುತ್ತದೆ, ದಿಣ್ಣೆ ಬಂದರೆ ನಾವೇ ಇಳಿದು ತಳ್ಳಬೇಕು. ಮುಖವೆಲ್ಲ ಮಸಿ ಮಾಡಿಕೊಂಡು ಅವರ ಬಾಗಿಲಲ್ಲಿ ನಿಂತೆ. ಜಹಾಂಗೀರ್ ಸಾಬರು ಈ ಸಲ ಸುತ್ತಿಗೆ ಕೆಳಗಿಟ್ಟರು.

ನೀನು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ, ಒಂದು ಅಕ್ಷರ ನನ್ನದು ಸೇರಿಸಲಿಲ್ಲ. ಎಷ್ಟು ಕಷ್ಟವಾಯಿತು ಗೊತ್ತೇನೋ! ಅವಳ ಉತ್ತರವನ್ನೂ ಹಾಗೆಯೇ ಬರೆಯುತ್ತೇನೆ: "ನಾನು ಯಾರಿಗೂ ಕಾಯುತ್ತಿಲ್ಲ ಅಂತ ಬರೆಯಿರಿ. ಇಲ್ಲೇ ಇದ್ದೇನೆ ಅಂತ ಬರೆಯಿರಿ."

ಅವಳಪ್ಪ ಇನ್ನೊಂದು ಸೇರಿಸಿದರು. "ಬಂದರೆ ಇದೇ ಮನೆ, ಇದೇ ಚಪ್ಪರ, ಅವತ್ತು ಕೂತಿದ್ದ ಜನಾನೇ ಕೂರಬೇಕು. ಅವರೆಲ್ಲರ ಎದುರಿಗೆ ಆ ಹುಡುಗ ಬಾಯಿಬಿಟ್ಟು ಹೇಳಬೇಕು. ಮೂಲೇಲಿ ಕೂತು ಪಿಸುಗುಟ್ಟಿದರೆ ನನ್ನ ಮಗಳ ಮೇಲೆ ಬಿದ್ದ ಮಾತು ಹೋಗಲ್ಲ," ಎಂದರು. ನ್ಯಾಯವೇ ಅಲ್ಲವೇ.

ಮೊದಲು ಜೀವ ಉಳಿಸಿಕೊಂಡಿರು.

ಶರೀಫುನ್ನೀಸಾ


ಬೊಂಬಾಯಿ
6 ಮಾರ್ಚ್ 1946

ಆಪಾ,

ಇಳಿದೆ! ನಡುವೆ ನಿನ್ನ ಎರಡು ಕಾಗದ ನನಗೆ ತಲುಪಿದವು, ನಾನು ಹಾಕಿದ ಐದರಲ್ಲಿ ನಿನಗೆಷ್ಟು ಬಂದವೋ ಗೊತ್ತಿಲ್ಲ. ಹೊರಡುವ ದಿನ ದೋನ್ಯಾ ಸ್ಟೇಷನ್ನಿಗೆ ಬಂದಿದ್ದರು. ಕಣ್ಣು ಪೂರ್ತಿ ಮಂಜು ಅವರಿಗೆ. ನನ್ನ ಜೇಬಿನೊಳಗೆ ಒಂದು ಹಿಡಿ ಜೋಳ ಸುರಿದು, "ನಿನ್ನ ಎರ್ಮಾನಗೆ ಕೊಡು, ಬಿತ್ತಲಿ," ಎಂದರು. ಅಳು ತಡೆಯಲಾಗಲಿಲ್ಲ. ಅವರನ್ನು ಇನ್ನು ನಾನು ನೋಡುವುದಿಲ್ಲ.

ಎಂಟು ದಿನದಲ್ಲಿ ಮದ್ದೂರಿನಲ್ಲಿರುತ್ತೇನೆ. ಮುಖಾಮುಖಿ ಹೇಳಲಾರದ ಒಂದು ಮಾತು ಇದೆ, ಅದಕ್ಕೇ ಈ ಕಾಗದ. ಕಾಗದದ ಮೇಲೆ ನಾನು ಉಗ್ಗುವುದಿಲ್ಲ ನೋಡು.

ನಿಕಾಹ್ ದಿನ ನೀನು ನನ್ನ ಕಣ್ಣಿಗೆ ಕಾಣುವ ಕಡೆ ಇರುತ್ತೀಯ. ನನ್ನ ಮಾತು ನಿಂತ ಕೂಡಲೇ ನಿನ್ನ ತುಟಿ ಅಲುಗುತ್ತದೆ. ಅದು ಅಲುಗಿದರೆ ನಾನು ಮತ್ತೆ ನಾಲ್ಕು ವರ್ಷದವನಾಗುತ್ತೇನೆ, ನೀನು ಮುಗಿಸಲಿ ಎಂದು ಕಾಯುತ್ತೇನೆ. ಬರಬೇಡ ಅನ್ನಲು ನನ್ನಿಂದಾಗದು, ನೀನಿಲ್ಲದೆ ನನಗೆ ಮದುವೆಯೇ? ಅದಕ್ಕೆ ಒಂದು ಉಪಾಯ ಮಾಡು. ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಕೂತುಕೋ. ಆ ಮೂರು ಮಾತು ಮುಗಿಯುವವರೆಗೆ ಉಗಿಯಬೇಡ, ನುಂಗಬೇಡ, ತುಟಿ ತೆರೆಯಬೇಡ. ಇಷ್ಟು ದಿನ ನನಗಾಗಿ ಎಷ್ಟೋ ಮಾತಾಡಿದ್ದೀಯ. ಒಂದು ದಿನ ನನಗಾಗಿ ಸುಮ್ಮನಿರು ಆಪಾ.

ಬರುತ್ತಿರುವ,
ಮಕ್ಸೂದ್


ಮದ್ದೂರು
2 ಜೂನ್ 1946

ದೋನ್ಯಾ ಕಾಸಿಲ್ದಾ ಅವರಿಗೆ ಶರೀಫುನ್ನೀಸಾಳ ಸಲಾಂ.

ನೀವು ನನ್ನನ್ನು ನೋಡಿಲ್ಲ. ನಿಮ್ಮ ಮನೆಯಲ್ಲಿ ಐದು ಕಾಳು ಖರ್ಚು ಮಾಡಿಸಿದ ಉದ್ದ ಹೆಸರಿನ ಅಕ್ಕ ನಾನೇ. ನಾನು ಕನ್ನಡದಲ್ಲಿ ಬರೆಯುತ್ತೇನೆ, ಮಕ್ಸೂದ್ ನಿಮ್ಮ ಭಾಷೆಗೆ ಮಾಡುತ್ತಾನೆ. ಆ ಭಾಷೆಯಲ್ಲಿ ಅವನ ಮಾತನ್ನು ನಾನು ಮುಗಿಸಲಾರೆ, ಆದ್ದರಿಂದ ಅವನೇ ಪೂರ್ತಿ ಬರೆಯಲಿ.

ನಿಕಾಹ್ ಹೋದ ತಿಂಗಳು ಮಳವಳ್ಳಿಯಲ್ಲಾಯಿತು. ಅದೇ ಮನೆ, ಅದೇ ಚಪ್ಪರದ ಜಾಗ, ಅದೇ ಖಾಜಿ ಸಾಹೇಬರು. ಎಂಟು ವರ್ಷದ ಹಿಂದೆ ನಕ್ಕವರೂ ಬಂದು ಕೂತಿದ್ದರು. ಮಲ್ಲಿಗಮ್ಮ ಕೊಪ್ಪದಿಂದ ಎರಡು ತಪ್ಪಲೆ ಮೊಸರು ಹೊತ್ತು ತಂದು ಬಾಗಿಲಲ್ಲೇ ನಿಂತಿದ್ದಳು. ಹೆಂಗಸರ ಕಡೆ ಪರದೆಯ ಅಂಚಿನಲ್ಲಿ ನಾನು. ಬಾಯಲ್ಲಿ ಆರು ಎಲೆ, ಎರಡು ಅಡಿಕೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಮೊದಲು ಹುಡುಗಿಯ ಹತ್ತಿರ ವಕೀಲರು, ಅಂದರೆ ಅವಳ ಪರವಾಗಿ ಕೇಳುವ ಹಿರಿಯರು, ಬಂದು ಒಪ್ಪಿಗೆಯಾ ಎಂದು ಕೇಳುತ್ತಾರೆ. ಹುಡುಗಿ ನಾಚಿ ಸುಮ್ಮನಿದ್ದರೆ ಅದೇ ಒಪ್ಪಿಗೆ. ಹುಡುಗ ಸುಮ್ಮನಿದ್ದರೆ ಒಪ್ಪಿಗೆ ಇಲ್ಲ. ಹೋದ ಸಲ ಇಬ್ಬರೂ ಸುಮ್ಮನಿದ್ದರು, ಅವಳದು ಹೌದಾಯಿತು, ಅವನದು ಇಲ್ಲವಾಯಿತು. ಈ ಸಲ ವಕೀಲರು ಬಂದಾಗ ಸುಲ್ತಾನ್ ಬೀ, "ಹೋದ ಸಲ ನಾನು ಮೊದಲು ಒಪ್ಪಿದ್ದೆ. ಈ ಸಲ ಅವರು ಮೊದಲು ಹೇಳಲಿ," ಎಂದಳು. ಮುದುಕಿಯರೆಲ್ಲ ಕೆನ್ನೆ ಮುಟ್ಟಿಕೊಂಡರು. ಖಾಜಿ ಸಾಹೇಬರು ಗಡ್ಡ ನೀವಿಕೊಂಡು, "ಹಾಗೇ ಆಗಲಿ, ತಪ್ಪೇನಿಲ್ಲ," ಎಂದರು.

ಮಕ್ಸೂದನನ್ನು ಕೇಳಿದರು. ಅವನ ಮುಷ್ಟಿಯಲ್ಲಿ ಒಂದು ಹುರುಳಿ, ಒಂದು ಅವರೆ ಇತ್ತು, ನನಗೆ ಗೊತ್ತು, ನಾನೇ ಕೊಟ್ಟದ್ದು. ಬಾಯಿ ತೆರೆದ. 'ಖ' ಎಂದು ನಿಂತಿತು. ದೋನ್ಯಾ, ನೀವು ಕಲಿಸಿದ್ದನ್ನೆಲ್ಲ ಆ ಚಪ್ಪರ ಕಸಿದುಕೊಂಡಿತು. 'ಖ, ಖ, ಖ.' ಕುತ್ತಿಗೆಯ ನರ ಉಬ್ಬಿತು. ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಎಲೆಯ ರಸ ಗಂಟಲಿಗಿಳಿದು ಕಣ್ಣಲ್ಲಿ ನೀರು ಬಂತು, ನಾನು ತುಟಿ ತೆರೆಯಲಿಲ್ಲ. ಹಿಂದಿನಿಂದ ಯಾರೋ ಕಿಸಕ್ ಎಂದರು. ಜಹಾಂಗೀರ್ ಸಾಬರು ಎದ್ದು ನಿಂತರು. ನನ್ನ ಜೀವವೇ ಹೋಯಿತು. ಅವರು ನಕ್ಕವನ ಕಡೆ ತಿರುಗಿ, "ಹುಡುಗ ಮಾತಾಡ್ತಾ ಇದ್ದಾನೆ. ಕಾಯೋಕಾಗದೋರು ಎದ್ದು ಹೋಗಿ," ಎಂದು ಮತ್ತೆ ಕೂತರು.

ಆಮೇಲೆ ಎಲ್ಲರೂ ಕಾದರು. ಅಷ್ಟು ಜನ ಅವನಿಗಾಗಿ ಕಾದದ್ದನ್ನು ನಾನು ಈ ಕಣ್ಣಿನಿಂದ ನೋಡಿದೆ. ಬಂತು ದೋನ್ಯಾ. ಖ-ಬೂಲ್. ಎರಡನೆಯದೂ ಹಾಗೆಯೇ ತೊದಲಿ ಬಂತು. ಮೂರನೆಯದು ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಬಂತು. ಬಾಗಿಲಲ್ಲಿದ್ದ ಮಲ್ಲಿಗಮ್ಮ, "ಅಂಗೇಳ್ಲಾ ಮತ್ತೆ!" ಎಂದು ಕೂಗಿದಳು.

ವಕೀಲರು ಸುಲ್ತಾನ್ ಬೀಯ ಹತ್ತಿರ ಬಂದು ಕೇಳಿದರು. ಅವಳು ತಲೆ ತಗ್ಗಿಸಿ ಕೂತಿದ್ದಳು. ಪದ್ಧತಿಯಂತೆ ಸುಮ್ಮನಿದ್ದಾಳೆ, ಒಪ್ಪಿದ ಹಾಗೆಯೇ ಎಂದು ಅವರು ಹೊರಡಲು ತಿರುಗಿದರು. "ನಿಲ್ಲಿ," ಎಂದಳು. "ಅವರು ಅಷ್ಟು ಕಷ್ಟಪಟ್ಟು ಹೇಳಿದರು. ನಾನು ಸುಲಭವಾಗಿ ಹೇಳಬಲ್ಲೆ, ಸುಮ್ಮನೆ ಯಾಕಿರಲಿ?" ಎಂದು ಮೂರು ಸಲವೂ ಬೀದಿಗೆ ಕೇಳುವಂತೆ ಹೇಳಿದಳು. ನಾನು ಹಿತ್ತಲಿಗೆ ಓಡಿ ಎಲೆ ಉಗಿದು ಗೋಡೆ ಹಿಡಿದು ಅತ್ತೆ.

ನೀವು ಕೊಟ್ಟ ಜೋಳವನ್ನು ಮಲ್ಲಿಗಮ್ಮ ಅವಳ ಹೊಲದ ಬದುವಿನಲ್ಲಿ ಬಿತ್ತಿದ್ದಾಳೆ, ಮೊಳಕೆ ಬಂದಿದೆ. ಮಕ್ಸೂದ್ ಮತ್ತೆ ಮಂಡ್ಯದ ಕಾರ್ಖಾನೆ ಸೇರಿದ. ಗಂಡ ಹೆಂಡತಿ ಇಬ್ಬರೂ ಭಾನುವಾರ ಊಟಕ್ಕೆ ಇಲ್ಲಿಗೆ ಬರುತ್ತಾರೆ. ಅವನ ಉಗ್ಗು ಹೋಗಿಲ್ಲ. ಸಾರು ಬೇಕು ಎನ್ನಲು ಒಮ್ಮೊಮ್ಮೆ ಸಾರೇ ಆರುವಷ್ಟು ಹೊತ್ತಾಗುತ್ತದೆ. ನನ್ನ ಕೈ ಸೌಟಿನ ಕಡೆ ಹೋಗುತ್ತದೆ, ತುಟಿ ಅಲುಗುತ್ತದೆ, ಮೂವತ್ತು ವರ್ಷದ ಅಭ್ಯಾಸ ನೋಡಿ. ಆಗ ಸುಲ್ತಾನ್ ಬೀ ಏನೂ ಹೇಳದೆ ಒಂದು ವೀಳ್ಯದೆಲೆ ಮಡಿಸಿ ನನ್ನ ತಟ್ಟೆಯ ಪಕ್ಕದಲ್ಲಿಡುತ್ತಾಳೆ. ನಾನು ಬಾಯಿಗೆ ಹಾಕಿಕೊಂಡು ಕಾಯುತ್ತೇನೆ.

ನಿಮ್ಮ ಎರ್ಮಾನ,
ಶರೀಫುನ್ನೀಸಾ